ಮೊದಲ ಹಾಳೆಯ ಪಂಡಿತ

ಶಹಾಪುರದಲ್ಲಿ ಹಳೆಯ ಅರಬ್ಬಿ, ಪಾರ್ಸಿ ಪುಸ್ತಕ ಓದಬಲ್ಲವನು ನಾನೊಬ್ಬನೇ ಎಂದು ಜನ ನಂಬಿದ್ದರು. ನಂಬಿಸಿದವನೂ ನಾನೇ. ಚಿಕ್ಕಂದಿನಲ್ಲಿ ಓಣಿಯ ಮೌಲ್ವಿಗಳ ಬಳಿ ಮೂರು ತಿಂಗಳು ಕೂತಿದ್ದೆ. ಬಾಯಿಪಾಠವಾದದ್ದು ಅವರ ಪುಸ್ತಕದ ಮೊದಲ ಹಾಳೆಯೊಂದೇ. ಅಷ್ಟು ಸಾಕಾಯಿತು. ಪುಸ್ತಕ ಔಷಧದ್ದಿರಲಿ, ನಕ್ಷತ್ರದ್ದಿರಲಿ, ಶುರು ಮಾತ್ರ ಒಂದೇ ಧಾಟಿ: ಮೊದಲು ದೇವರ ಸ್ತುತಿ, ಆಮೇಲೆ ಪೈಗಂಬರರಿಗೆ ಸಲಾಮು, ಆಮೇಲೆ ‘ಅಮ್ಮಾ ಬಾದ್’, ಅಂದರೆ ‘ಇನ್ನು ವಿಷಯಕ್ಕೆ ಬರೋಣ’. ಅಲ್ಲಿಗೆ ಬಂದಕೂಡಲೇ ನಾನು ಕನ್ನಡಕ ತೆಗೆದು, “ಮುಂದಿಂದು ಗುಟ್ಟಿನ ಮಾತದ, ಎಲ್ಲಾರ ಮುಂದ ಓದಬಾರ್ದು” ಎನ್ನುತ್ತಿದ್ದೆ. ಇದಕ್ಕೆ ಸಗರದಲ್ಲಿ ಹೋಳಿಗೆ ಊಟ ಸಿಕ್ಕಿತ್ತು, ಬಳಿಚಕ್ರದಲ್ಲಿ ಶಾಲು.

ಹೋದ ವರ್ಷ ಕೆಂಭಾವಿಯಿಂದ ಶಾಲೆಯ ಅಕ್ಕೋರೊಬ್ಬರು ಬಟ್ಟೆಯಲ್ಲಿ ಸುತ್ತಿದ ಪುಸ್ತಕ ತಂದರು.

“ನಮ್ಮ ಮುತ್ತಜ್ಜ ಬರದದ್ದಂತರಿ. ನಮ್ಮ ಕಾಕಾ ‘ಸಂತ್ಯಾಗ ರದ್ದಿಗಿ ತಂದದ್ದು’ ಅಂತ ನಗತಾನ. ಯಾರು ಬರದಾರ, ಅಷ್ಟ ಹೇಳ್ರಿ ಅಜ್ಜಾರ.”

“ಅಷ್ಟ ಹೌದಲ್ರಿ? ಕುಂದರ್ರಿ ಅಕ್ಕೋರ.”

ಪುಸ್ತಕ ತೆರೆದು, ಬಲದಿಂದ ಎಡಕ್ಕೆ ಬೆರಳಾಡಿಸುತ್ತ ರಾಗವಾಗಿ ಸ್ತುತಿ ಹೇಳಿದೆ. ಅವತ್ತು ನನ್ನ ಕಂಠವೂ ಭಾರಿ ಚೆನ್ನಾಗಿತ್ತು. ಕಡೆಯವರೆಗೂ ತಲೆದೂಗಿದ ಅಕ್ಕೋರು ಆಮೇಲೆ ಚೀಲದಿಂದ ಒಂದು ಬಿಡಿ ಹಾಳೆ ತೆಗೆದರು.

“ಮೊದಲನೇ ಹಾಳಿ ಇಲ್ಲೇ ನನ್ನ ಹತ್ರ ಅದರಿ. ಬಿಚ್ಚಿತ್ತು, ಬ್ಯಾರೆ ಇಟ್ಟಿದ್ದೆ. ನೀವು ಓದಿದ್ದು ಯಾವುದ್ರಿ? ಸಗರದಾಗ ನಮ್ಮ ತಂಗಿ ಮನ್ಯಾಗೂ ಇದನ್ನ ಓದೀರಂತ!”

ಊರಿಗೆಲ್ಲ ಟೋಪಿ ಹಾಕಿದವನಿಗೆ ಅಕ್ಕೋರು ಟೋಪಿ ಹಾಕಿದ್ದರು.

“ಹಾಳಿ ಇಟಗೊಂಡು ಯಾರರೆ ಓದತಾರ. ನಾ ಇಲ್ಲದ ಹಾಳೀನ ಓದೀನಿ, ನೋಡ್ರಿ!” ಎಂದೆ.

ಅವರು ನಗಲಿಲ್ಲ. ಕಣ್ಣು ಪುಸ್ತಕದ ಮೇಲೇ ಇತ್ತು. ಆಗ ನನ್ನ ನಗುವೂ ನಿಂತಿತು. “ಸುರಪುರದಾಗ ಖರೇನ ಓದಾವ್ರು ಒಬ್ರು ಅದಾರ. ನಡೀರಿ” ಎಂದು ಅವರ ಜೊತೆ ಬಸ್ಸು ಹತ್ತಿದೆ.

ಅಲ್ಲಿನ ಮುದಿ ಮೌಲ್ವಿಗಳು ಬಿಡಿ ಹಾಳೆಯಿಂದ ಶುರುಮಾಡಿದರು: ಸ್ತುತಿ, ಸಲಾಮು.

“ಇಷ್ಟು ನನಗೂ ಬರತದ” ಎಂದೆ.

“ನೀ ಚುಪ್ ಕೂಡು ಮಿಯಾ” ಎಂದರು.

‘ಅಮ್ಮಾ ಬಾದ್’ ದಾಟಿದ ಮೇಲೆ ಅವರ ಧ್ವನಿ ನಿಧಾನವಾಯಿತು. ಪಾರ್ಸಿಯಲ್ಲಿ ಓದಿ, ನಮಗೆ ಅರ್ಥ ಹೇಳಿದರು: “ಏನೂ ತಿಳೀದ ಈ ಬಡವ, ಕೆಂಭಾವಿ ಗುಮಾಸ್ತ, ಎತ್ತಿನ ರೋಗದ ಮದ್ದು ಬರದಾನ. ತಪ್ಪಿದ್ರ ತಿದ್ದರಿ ಅಂತಾನ.” ಹೆಸರೂ ಇತ್ತು; ಅಕ್ಕೋರ ಮುತ್ತಜ್ಜನದೇ. ಕೊರಳಲ್ಲಿ ಲಿಂಗ ಕಟ್ಟಿದ್ದ ಗುಮಾಸ್ತನೂ, ಕಚೇರಿಯ ಭಾಷೆ ಪಾರ್ಸಿಯಾಗಿದ್ದ ಆ ಕಾಲದ ಪದ್ಧತಿಯಂತೆ, ಅದೇ ಸ್ತುತಿಯಿಂದ ಶುರುಮಾಡಿದ್ದ.

“ಆ ಹೆಸರಿನ ಸಾಲು ಇನ್ನೊಮ್ಮೆ ಓದ್ರಿ” ಎಂದರು ಅಕ್ಕೋರು. ಮೌಲ್ವಿಗಳು ಓದಿದರು. ಮತ್ತೆ ಕೇಳಿದರು, ಮತ್ತೆ ಓದಿದರು. ನಾಲ್ಕನೆಯ ಸಲ ಮೌಲ್ವಿಗಳು ಕನ್ನಡಕ ಒರೆಸುತ್ತಿದ್ದಾಗ ನಾನೇ ಹೇಳಿಬಿಟ್ಟೆ, ಒಂದಕ್ಷರ ತಪ್ಪದೆ. ಅಷ್ಟರಲ್ಲಿ ಅದೂ ಬಾಯಿಪಾಠವಾಗಿತ್ತು.