ಫೋರ್ ಇಂಟು ಟ್ವೆಂಟಿ

ಅಕ್ಕೋರ ಬಲಗೈ ತೋರುಬೆರಳಿನ ತುದಿ ಯಾವಾಗಲೂ ಕೆಂಪಗೆ, ಬಿಸಿ ತಾಗಿ ಸುಲಿದು ಮತ್ತೆ ಚರ್ಮ ಕೂಡಿಕೊಂಡ ಹಾಗೆ ಇರುತ್ತಿತ್ತು. ಚಹಾ ಬಗ್ಗಿಸುವಾಗ ಆ ಬೆರಳನ್ನು ಕಪ್ಪಿನ ಅಂಚಿನೊಳಗೆ ಇಳಿಬಿಡುವುದು ಅವರ ಅಭ್ಯಾಸ. ಮೊದಲ ದಿನವೇ ನಾನದನ್ನು ನೋಡಿದೆ. ಕಪ್ಪನ್ನು ಮುಂದಿಟ್ಟು "ಕುಡೀರಿ ತಂಗಿ" ಎಂದರು. ಬೇಡವೆನ್ನಲಾಗದೆ ಕುಡಿದೆ. ಮನೆಗೆ ಬಂದು ಯಜಮಾನರಿಗೆ ಹೇಳಿದರೆ ಅವರು ಪೇಪರಿನಿಂದ ತಲೆ ಎತ್ತದೆ, "ಮಗಳನ್ನ ಅವರ ಹತ್ರ ಲೆಕ್ಕ ಕಲಿಯೋಕೆ ಕಳಿಸ್ತಿರೋದು ಕಣೇ, ಟೀ ಕುಡಿಯೋಕಲ್ಲ" ಎಂದರು.

ಆಗ ನಾವು ಸಾಂಟಾ ಕ್ಲಾರಾದಲ್ಲಿ, ಇಂಡಿಯನ್ ಅಂಗಡಿಗಳಿಗೆ ನಡೆದೇ ಹೋಗಬಹುದಾದ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿದ್ದೆವು. ಅಕ್ಕೋರ ಮನೆ ಕೆಳಗೆ, ಎಲ್ಲರೂ ಬಟ್ಟೆ ಒಗೆಯುವ ಲಾಂಡ್ರಿ ರೂಮಿನ ಪಕ್ಕ. ಬಿಜಾಪುರದ ಕಡೆ ಹೆಂಗಸು ಮೇಷ್ಟ್ರಿಗೆ ಅಕ್ಕೋರು ಅನ್ನುತ್ತಾರಂತೆ. ಅವರ ಮಗ ಹಾಗೇ ಪರಿಚಯ ಮಾಡಿಸಿದ್ದರಿಂದ ನಮಗೆಲ್ಲ ಅವರು ಅಕ್ಕೋರೇ ಆದರು. ಊರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ, ಭೌತಶಾಸ್ತ್ರ ಹೇಳಿದ್ದಾರೆ ಎಂದು ಮಗ ಹೇಳಿದ್ದ. ನಾವು ಕೇಳಿದ್ದೆವು. ಯಾರೂ ನೋಡಿರಲಿಲ್ಲ.

ನನ್ನ ಮಗಳು ಆಗ ಒಂಬತ್ತನೇ ಕ್ಲಾಸು. ಮೇ ತಿಂಗಳಲ್ಲಿ ಸ್ಕೂಲಿನಲ್ಲಿ ಒಂದು ಟೆಸ್ಟು. ಪಾಸಾದರೆ ಮುಂದಿನ ವರ್ಷ ಫಿಸಿಕ್ಸ್ ಕ್ಲಾಸು. ಇಲ್ಲದಿದ್ದರೆ ಈಗಿನ ಪಾಠವನ್ನೇ ಇನ್ನೊಂದು ವರ್ಷ ತಿರುವಿಹಾಕಬೇಕು. ತನ್ನ ಗೆಳತಿಯರೆಲ್ಲ ಆ ಕ್ಲಾಸಿಗೆ ಹೋಗುತ್ತಾರೆಂದು ಅವಳು ಮೂರು ಸಲ ಅತ್ತಿದ್ದಳು. ಹಾಗಾಗಿ ವಾರಕ್ಕೆ ಮೂರು ಮಧ್ಯಾಹ್ನ ಅಕ್ಕೋರ ಊಟದ ಮೇಜಿನ ಸುತ್ತ ಕೂರುವ ಐದಾರು ಮಕ್ಕಳಲ್ಲಿ ಅವಳೂ ಒಬ್ಬಳಾದಳು. ನಾನು ಸೋಫಾದ ಮೇಲೆ ಬಟ್ಟೆ ಮಡಿಸುತ್ತಾ ಕಾಯುತ್ತಿದ್ದೆ. ಕಾಯುತ್ತಾ ನೋಡುತ್ತಿದ್ದೆ.

ನೋಡಿದಷ್ಟೂ ಅನುಮಾನ ಬೆಳೆಯಿತು. ಅಕ್ಕೋರು ಪೆನ್ಸಿಲ್ ಮುಟ್ಟುತ್ತಿರಲಿಲ್ಲ. ಪುಸ್ತಕ ತೆರೆಯುತ್ತಿರಲಿಲ್ಲ. "ಓದು ಬೇಟಾ" ಅನ್ನುವರು. ಮಗು ಓದಿದ ಮೇಲೆ, "ನನಗ ತಿಳೀಲಿಲ್ಲ. ಮುಂದ ಏನ್ ಮಾಡ್ತಿ, ಹೇಳು" ಅನ್ನುವರು. ಮಗು ಹೇಳಿದರೆ, "ಯಾಕ?" ಅದಕ್ಕೂ ಉತ್ತರ ಕೊಟ್ಟರೆ ಮತ್ತೆ "ಯಾಕ?" ದಾರಿ ಸರಿಯಾಯಿತೆನ್ನಿಸಿದರೆ, "ಹಾಂ, ಲೆಕ್ಕ ಮನ್ಯಾಗ ಹಾಕ್ಕೋ. ದಾರಿ ಅಷ್ಟ ನನಗ ಬೇಕು" ಎಂದು ಮುಂದಿನ ಮಗುವಿನತ್ತ ತಿರುಗುವರು. ಇದು ಕಲಿಸುವುದೋ, ಮಕ್ಕಳಿಂದಲೇ ಹೇಳಿಸಿ ತಪ್ಪಿಸಿಕೊಳ್ಳುವುದೋ? ನನಗೇ ಒಂದು ಸಾಲು ಭೌತಶಾಸ್ತ್ರ ಬರುವುದಿಲ್ಲ, ಆದರೂ "ಯಾಕ?" ಎಂದು ಕೇಳುವುದು ನನಗೂ ಬರುತ್ತದೆ.

ಇನ್ನೊಂದು ವಿಷಯ. ಅವರು ಮಾತಾಡುವಾಗ ನಮ್ಮ ಮುಖ ನೋಡುತ್ತಿರಲಿಲ್ಲ. ದೃಷ್ಟಿ ಕಿವಿಯ ಪಕ್ಕ, ಭುಜದ ಮೇಲೆಲ್ಲೋ ಇರುತ್ತಿತ್ತು. ಏನನ್ನೋ ಮುಚ್ಚಿಡುವವರು ಹಾಗೆ ನೋಡುತ್ತಾರೆ ಎಂದು ನನ್ನ ತೀರ್ಮಾನ.

ಮಾರ್ಚಿನಲ್ಲಿ ಒಂದು ದಿನ ನಾನು ಮಾಡಬಾರದ ಕೆಲಸ ಮಾಡಿದೆ. ಮಗಳ ಹೋಮ್‌ವರ್ಕೆಂದು ಹೇಳಿ ಒಂದು ಮಡಿಸಿದ ಹಾಳೆಯನ್ನು ಅಕ್ಕೋರ ಕೈಗೆ ಕೊಟ್ಟೆ. "ಸ್ವಲ್ಪ ನೋಡ್ತೀರಾ, ಸರಿಯಾಗಿ ಬರೆದಿದ್ದಾಳಾ?" ಅದು ಹೋಮ್‌ವರ್ಕಲ್ಲ, ಅಂಗಡಿಯ ಚೀಟಿ. ತೊಗರಿಬೇಳೆ, ಹುಣಸೆಹಣ್ಣು, ಮೆಂತ್ಯ ಎಂದು ದಪ್ಪ ಕನ್ನಡ ಅಕ್ಷರದಲ್ಲಿ ನಾನೇ ಬರೆದದ್ದು. ಅಕ್ಕೋರು ಹಾಳೆ ಬಿಡಿಸಿ, ಬೆರಳಿನಿಂದ ಒಮ್ಮೆ ಮೇಲಿನಿಂದ ಕೆಳಗೆ ಸವರಿ, ಮಡಿಸಿ ಹಿಂದಕ್ಕೆ ಕೊಟ್ಟರು.

"ಛಲೋ ಬರದಾಳ."

ನನಗೆ ಸಿಕ್ಕಬೇಕಾದದ್ದು ಸಿಕ್ಕಿತ್ತು. ಅವರಿಗೆ ಓದು ಬರಹವೇ ಬರುವುದಿಲ್ಲ. ಮೂವತ್ತು ವರ್ಷದ ಮೇಷ್ಟರಿಕೆ ಎಲ್ಲ ಸುಳ್ಳು.

ಮರುದಿನ ಲಾಂಡ್ರಿ ರೂಮಿನಲ್ಲಿ ಡ್ರೈಯರಿನಿಂದ ಬಟ್ಟೆ ತೆಗೆಯುತ್ತಾ ದಾವಣಗೆರೆಯ ಗೆಳತಿಗೆ ಎಲ್ಲವನ್ನೂ ಹೇಳಿದೆ. ಅವಳ ಇಬ್ಬರು ಮಕ್ಕಳೂ ಅಕ್ಕೋರ ಹತ್ತಿರ ಬರುತ್ತಿದ್ದರು.

"ಅಯ್ಯೋ, ಹೌದಾ? ನೋಡಿದ್ರೆ ಹಾಗನ್ನಿಸಲ್ವಲ್ರೀ."

"ನೋಡಿದ್ರೆ ಯಾರಿಗೆ ತಾನೆ ಅನ್ನಿಸುತ್ತೆ? ತೊಗರಿಬೇಳೆ ಚೀಟಿ ನೋಡಿ ಛಲೋ ಬರದಾಳ ಅಂದ್ರು. ಆಮೇಲೆ ಆ ಟೀ ಬೆರಳು ಬೇರೆ."

ಇಬ್ಬರೂ ನಕ್ಕೆವು. ಮುಂದಿನ ವಾರದಿಂದ ಅವಳ ಮಕ್ಕಳು ಬರಲಿಲ್ಲ. ನನ್ನ ಮಗಳನ್ನೂ ಬಿಡಿಸುತ್ತಿದ್ದೆ, ಆದರೆ ಅವಳು ಒಪ್ಪಲಿಲ್ಲ. "ಅಮ್ಮಾ, ಶಿ ಲಿಸನ್ಸ್" ಎಂದಳು. ಅಷ್ಟೇ ಅವಳ ವಾದ.

ಏಪ್ರಿಲ್ ಕೊನೆಗೆ ಸ್ಕೂಲಿನಲ್ಲಿ ಪ್ರ್ಯಾಕ್ಟೀಸ್ ಟೆಸ್ಟು ಆಯಿತು. ಮಗಳು ತಂದ ಹಾಳೆಯ ತುಂಬ ಕೆಂಪು ಗೀಟು. ಒಂದೇ ಬಗೆಯ ಲೆಕ್ಕಗಳೆಲ್ಲ ತಪ್ಪು. ನಿಜವಾದ ಟೆಸ್ಟಿಗೆ ಹತ್ತು ದಿನ ಉಳಿದಿತ್ತು. ಹಾಳೆಯನ್ನು ಹಿಡಿದು, ಮಗಳ ಕೈ ಹಿಡಿದು, ಮೆಟ್ಟಿಲಿಳಿದು ಅಕ್ಕೋರ ಬಾಗಿಲು ತಟ್ಟಿದೆ. ಮಗ ಸೊಸೆ ಆಫೀಸಿಗೆ ಹೋಗಿದ್ದರು.

"ಇದನ್ನ ಓದಿ ಅಕ್ಕೋರೇ" ಎಂದೆ. ಕೂರಲಿಲ್ಲ.

ಅವರು ಹಾಳೆ ತೆಗೆದುಕೊಳ್ಳಲಿಲ್ಲ. "ಓದಾಕ ಆಗೂದಿಲ್ಲ ತಂಗಿ."

"ಅಂದ್ರೆ ಓದೋಕೆ ಬರಲ್ಲ."

"ಬರ್ತದ. ಕಾಣೂದಿಲ್ಲ."

ಕುರ್ಚಿ ಎಳೆದುಕೊಂಡು ಕೂತರು. ನಿಧಾನವಾಗಿ ಹೇಳಿದರು. ಮೂರು ವರ್ಷದಿಂದ ಕಣ್ಣಿನ ನಡುವಿನ ನೋಟ ಹೋಗಿದೆ, ಸುತ್ತಲಿನದು ಮಾತ್ರ ಇದೆ. ನಡೆಯಲು ಅಡ್ಡಿಯಿಲ್ಲ. ಅಕ್ಷರವನ್ನು ನೆಟ್ಟಗೆ ನೋಡಿದರೆ ಅಕ್ಷರವೇ ಮಾಯ. "ನಿಮ್ಮ ಮಾರಿ ನೋಡಿದ್ರ ಮಾರೀನ ಇರೂದಿಲ್ಲ. ಬಾಜೂಕ ನೋಡಿದ್ರ ಕಿವಿಯೋಲಿ ಕಾಣ್ತಾವ. ಅದಕ್ಕ ಹಂಗ ನೋಡ್ತೀನಿ. ಚಹಾ ಎಲ್ಲೀತನ ತುಂಬೇದ ಅನ್ನೂದು ಬೆರಳಿಗೇ ಗೊತ್ತು."

"ಮನೇಲಿ ಗೊತ್ತಿಲ್ವಾ?"

"ಮಸಕು ಅಂತ ಹೇಳೀನಿ. ಪೂರಾ ಹೇಳಿದ್ರ ಒಲಿ ಮುಟ್ಟಗೊಡೂದಿಲ್ಲ, ಹುಡುಗ್ರನ್ನ ಕಳಸೂದಿಲ್ಲ, ಟೀವಿ ಮುಂದ ಕುಂದರಸ್ತಾರ. ಅದೂ ಕಾಣೂದಿಲ್ಲ ನೋಡ್ರಿ."

ನಾನು ಆಗಲೂ ಪೂರ್ತಿ ನಂಬಲಿಲ್ಲ. ಇದೂ ಒಂದು ನೆಪವಿರಬಹುದು ಎಂದುಕೊಂಡೇ ಮಗಳಿಗೆ, "ನೀನೇ ಓದು" ಎಂದೆ.

ಮಗಳು ಓದಿದಳು. ವಸ್ತುವಿನ ತೂಕ ನಾಲ್ಕು ಕಿಲೋ, ವೇಗ ಏರುವ ಪ್ರಮಾಣ ಇಪ್ಪತ್ತು, ಎಷ್ಟು ಬಲ ಬೇಕು? "ಮಾಸ್ ಇಂಟು ಆಕ್ಸಲರೇಷನ್. ಫೋರ್ ಇಂಟು ಟ್ವೆಂಟಿ. ಫೈವ್."

"ಎಷ್ಟು?"

"ಫೈವ್."

"ಫೋರ್ ಇಂಟು ಟ್ವೆಂಟಿ ಎಂಬತ್ತಲ್ಲೇನವಾ?"

"ನೋ ಅಕ್ಕೋರೇ. ಫೋರ್ ಗೋಸ್ ಇಂಟು ಟ್ವೆಂಟಿ ಫೈವ್ ಟೈಮ್ಸ್."

ಅಕ್ಕೋರು ಎರಡೂ ಕೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಊರಿದರು. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕರು. ನಮ್ಮಲ್ಲಿ ಇಂಟು ಎಂದರೆ ಗುಣಾಕಾರ. ಈ ಮಕ್ಕಳ ಸ್ಕೂಲಿನಲ್ಲಿ ಅದು ಭಾಗಾಕಾರ. ನಾಲ್ಕು ತಿಂಗಳು ಅಕ್ಕೋರು ಇಂಟು ಅಂದಾಗಲೆಲ್ಲ ಮಗಳು ಭಾಗಿಸಿದ್ದಳು. ಓದಿ ಹೇಳುವಾಗ ಇಂಟು ಎಂದೇ ಹೇಳಿದ್ದರಿಂದ ಅಕ್ಕೋರ ಕಿವಿಗೆ ಎಲ್ಲ ಸರಿಯಾಗಿಯೇ ಕೇಳಿತ್ತು. ಹಾಳೆಯನ್ನು ಒಮ್ಮೆ ನೋಡಿದ್ದರೆ ತಪ್ಪು ಮೊದಲ ದಿನವೇ ಸಿಕ್ಕುತ್ತಿತ್ತು.

ನಗು ನಿಂತ ಮೇಲೆ ಅಕ್ಕೋರ ಮುಖ ಸಣ್ಣದಾಯಿತು. "ನನ್ನ ತಪ್ಪು ಬೇಟಾ. ಕಣ್ಣಿನ ಮಾತು ಮುಚ್ಚಿಟ್ಟೆ, ಶಿಕ್ಷಾ ನಿನಗಾತು." ನನ್ನ ಕಡೆ, ಅಂದರೆ ನನ್ನ ಓಲೆಯ ಕಡೆ ತಿರುಗಿದರು. "ಇನ್ನ ಕಳಸೂದು ಬಿಡೂದು ನಿಮಗ ಬಿಟ್ಟದ್ದು."

ನಾನು ಉತ್ತರ ಕೊಡುವ ಮೊದಲೇ ಮಗಳು ಕುರ್ಚಿ ಎಳೆದು ಕೂತಿದ್ದಳು.

ಆ ಹತ್ತು ದಿನವೂ ಹೋದೆವು. ಇಂಟು ಎಂಬ ಮಾತನ್ನು ಮೇಜಿನಿಂದ ಓಡಿಸಿ, ಗುಣಿಸು, ಭಾಗಿಸು ಎಂದೇ ಹೇಳಬೇಕೆಂದು ಅಕ್ಕೋರು ನಿಯಮ ಮಾಡಿದರು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ನನ್ನ ಮಗಳು "ಮಾಸ್ ಗುಣಿಸು ಆಕ್ಸಲರೇಷನ್" ಎನ್ನತೊಡಗಿದಳು. ಉತ್ತರವನ್ನೂ ಅಲ್ಲೇ ಹಾಕಿಸಿದರು. ಹಾಳೆ ನೋಡಿ ಅಂಕೆ ಅಂಕೆಯಾಗಿ ಓದುವ ಕೆಲಸ ನನ್ನದು. ಇಳಿಜಾರಿನ ಲೆಕ್ಕ ಬಂದಾಗ ಚಪಾತಿ ಮಣೆಯನ್ನು ಒರಗಿಸಿ, ಲಟ್ಟಣಿಗೆ ಉರುಳಿಸಿ, ಅದು ಮೇಜಿಗೆ ಬಡಿಯುವ ಸದ್ದು ಕೇಳಿಯೇ "ಈ ಸರತೆ ಜೋರು ಬಂತು. ಯಾಕ?" ಎಂದರು. ಬಟ್ಟೆ ಮಡಿಸುವುದು ಬಿಟ್ಟು ನಾನೂ ಯೋಚಿಸಿದೆ, ಯಾಕೆ? ಮಣೆಯನ್ನು ಮೊದಲಿಗಿಂತ ಎತ್ತರಿಸಿದ್ದರು. ನನಗದು ಹೊಳೆದು ಬಾಯಿಬಿಟ್ಟೆ. "ಶಾಣ್ಯಾ ಅದೀರಿ" ಎಂದರು. ಮಕ್ಕಳು ನಕ್ಕವು.

ಮಗಳು ಟೆಸ್ಟು ಪಾಸಾದಳು. ಸುದ್ದಿ ಹೇಳಲು ಮೊದಲು ಓಡಿದ್ದು ಕೆಳಗಿನ ಮನೆಗೆ, ಆಮೇಲೆ ಮೇಲೆ ನನ್ನ ಹತ್ತಿರ.

ಅದೇ ವರ್ಷ ಒಂದೊಂದೇ ಕಂಪನಿ ಬಾಗಿಲು ಹಾಕುತ್ತಿತ್ತು. ಅಕ್ಕೋರ ಮಗನ ಕೆಲಸವೂ ಹೋಯಿತು. ಅವರು ಊರಿಗೆ ಹೊರಟರು. ಕೊನೆಯ ದಿನ ಸೂಟ್‌ಕೇಸುಗಳ ನಡುವೆ ಅಕ್ಕೋರು ಚಹಾ ಮಾಡಿದರು. ಬೆರಳನ್ನು ಕಪ್ಪಿಗೆ ಇಳಿಬಿಟ್ಟು, ಬಗ್ಗಿಸಿ, ನನ್ನ ಕೈಗೆ ಕೊಟ್ಟರು. ನಾನು ಬಹಳ ದಿನದಿಂದ ಹೇಳಬೇಕೆಂದಿದ್ದ ಮಾತನ್ನು ಶುರು ಮಾಡಿದೆ. "ಅಕ್ಕೋರೇ, ನಿಮ್ಮ ಬಗ್ಗೆ ನಾನು ಒಬ್ಬರ ಹತ್ರ..."

"ತೊಗರಿಬ್ಯಾಳಿ ಚೀಟಿ" ಎಂದರು.

ಕಪ್ಪು ನನ್ನ ಕೈಯಲ್ಲೇ ನಿಂತಿತು.

"ಈ ಗ್ವಾಡಿ ಆಚೆಗೇ ಮಷಿನು ಅದಾವಲ್ರಿ. ಕಣ್ಣು ಹೋದ ಮ್ಯಾಲೆ ಕಿವಿ ಭಾಳ ಛಲೋ ಆಗ್ಯಾವ ನನಗ." ಗೋಡೆಯನ್ನು ಎರಡು ಸಲ ತಟ್ಟಿದರು. "ಕುಡೀರಿ, ಆರ್ತದ."

ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಆ ಇಬ್ಬರು ಮಕ್ಕಳು ಯಾಕೆ ಬರಲಿಲ್ಲ ಎಂಬುದೂ ಗೊತ್ತಿತ್ತು. ಹಾಗಿದ್ದೂ ಮರುದಿನ ನನ್ನ ಮಗಳಿಗೆ "ಓದು ಬೇಟಾ" ಎಂದಿದ್ದರು, ನನಗೆ ಚಹಾ ಕೊಟ್ಟಿದ್ದರು.

ನಾಲ್ಕು ವರ್ಷದ ಮೇಲೆ ಅವರ ಮಗ ಫೋನು ಮಾಡಿ, ಅಮ್ಮ ಹೋದರು ಎಂದ. ಕಣ್ಣಿನ ವಿಷಯ ಕೊನೆಗೆ ಡಾಕ್ಟರಿಂದ ತಿಳಿಯಿತಂತೆ. "ನಿಮಗೆ ಗೊತ್ತಿತ್ತಾ ಆಂಟಿ?" ಎಂದು ಕೇಳಿದ. ಗೊತ್ತಿತ್ತು ಎಂದೆ. ಚೀಟಿಯ ಮಾತೂ ಬಾಯಿಗೆ ಬಂದಿತ್ತು, ಹೇಳಲಿಲ್ಲ. ಫೋನಿಟ್ಟ ಮೇಲೆ ಆ ಸಂಜೆಯೇ ದಾವಣಗೆರೆಯ ಗೆಳತಿಗೆ ಫೋನು ಮಾಡಿ, ಲಾಂಡ್ರಿ ರೂಮಿನಲ್ಲಿ ನಾನು ಹೇಳಿದ್ದು ತಪ್ಪು, ಅವರು ನಿಜವಾಗಿಯೂ ಅಕ್ಕೋರೇ ಆಗಿದ್ದರು ಎಂದು ಹೇಳಿದೆ. ಅವಳಿಗೆ ಆ ಮಾತೇ ನೆನಪಿರಲಿಲ್ಲ.