ಕರೆಂಟು ಹೋದಾಗ ಕೂಡುವ ಸಭೆ

ದೊಡ್ಡ ಊರಿನಲ್ಲಿ ಸೇವೆ ಕೊಡು ಎಂದು ನಾನು ದೇವರನ್ನು ಬಿಡದೆ ಕಾಡಿದ್ದೆ. ಅರವತ್ತರ ದಶಕದ ಕೊನೆಯ ಮಾತು. ಬೆಂಗಳೂರಿನಲ್ಲಿ ಮಿಷನ್ನಿನ ತರಬೇತಿ ಆಗಷ್ಟೇ ಮುಗಿಸಿದ್ದೆ. ಹೊಸಕೋಟೆ ಕಡೆಯ ಪುಟ್ಟ ಹಳ್ಳಿಯಲ್ಲಿ, ಮೇಕೆ ಸಾಕುತ್ತಿದ್ದ ಅಜ್ಜಿಯ ಕೈಯಲ್ಲಿ ಬೆಳೆದವಳು ನಾನು. ತರಬೇತಿಯ ದಿನಗಳಲ್ಲಿ ಕಂಡ ಬೀದಿದೀಪಗಳ ಸಾಲು, ಸಿಟಿ ಬಸ್ಸು, ಭಾನುವಾರ ಚರ್ಚಿನ ಮುಂದೆ ನಿಲ್ಲುತ್ತಿದ್ದ ಜನ, ಇದೆಲ್ಲ ನನ್ನ ತಲೆ ಕೆಡಿಸಿತ್ತು. ಇಲ್ಲೇ ಎಲ್ಲಾದರೂ ನನ್ನನ್ನು ಇರಿಸಿಕೋ ಎಂದು ಬೇಡಿಕೊಂಡೆ. ದೇವರು ನನ್ನ ಪ್ರಾರ್ಥನೆಯ ಮೊದಲ ಪದವನ್ನಷ್ಟೇ ಕೇಳಿಸಿಕೊಂಡಿರಬೇಕು. ನನ್ನನ್ನು ಹಾಕಿದ್ದು ದೊಡ್ಡಬಳ್ಳಾಪುರಕ್ಕೆ.

ಅಲ್ಲಿ ನೇಕಾರರ ಬೀದಿಯೊಂದರಲ್ಲಿ ಮಿಷನ್ನಿನವರು ಒಂದು ಮನೆಯ ಮುಂಭಾಗವನ್ನು ಬಾಡಿಗೆಗೆ ಹಿಡಿದಿದ್ದರು. ಸಭೆ ಸೇರಲು ಉದ್ದನೆಯ ಒಂದು ಕೋಣೆ, ಅದರ ಪಕ್ಕದಲ್ಲಿ ನಾನು ಮಲಗಲು ಗೂಡಿನಂಥ ಇನ್ನೊಂದು. ಸಭೆಯ ಕೋಣೆಗೆ ಕಿಟಕಿಯೇ ಇರಲಿಲ್ಲ. ಹಾಡಹಗಲಲ್ಲೂ ನೆತ್ತಿಯ ಮೇಲಿನ ಬಲ್ಬು ಹಾಕಿಕೊಳ್ಳಬೇಕು. ಹಿಂದುಗಡೆ ಮನೆಯವರ ಮಗ್ಗಗಳು, ಕರೆಂಟಿನವು. ನಮ್ಮ ಮನೆಯಲ್ಲಿ ಮಾತ್ರವಲ್ಲ, ಬೀದಿಯ ಉದ್ದಕ್ಕೂ ಮಗ್ಗವಿಲ್ಲದ ಮನೆಯೇ ಇರಲಿಲ್ಲ. ಬೆಳಗಾಗುವ ಮೊದಲೇ ಶುರುವಾದ ಟಕಟಕ ಊಟದ ಹೊತ್ತಿಗೂ ನಿಲ್ಲುತ್ತಿರಲಿಲ್ಲ. ಬಂದ ದಿನ ಮಂಡಿಯೂರಿ ಪ್ರಾರ್ಥಿಸಿದೆ. ನನ್ನ ಪ್ರಾರ್ಥನೆ ನನಗೇ ಕೇಳಿಸಲಿಲ್ಲ.

ಮನೆಯ ಯಜಮಾನಿ ಒಬ್ಬ ಅಜ್ಜಿ. ಮಗ್ಗ ನೋಡಿಕೊಳ್ಳುತ್ತಿದ್ದವರು ಅವರ ಇಬ್ಬರು ಗಂಡುಮಕ್ಕಳು. ಅಜ್ಜಿ ಜಗಲಿಯ ಮೇಲೆ ರಾಟೆ ಇಟ್ಟುಕೊಂಡು ನೂಲು ಸುತ್ತುತ್ತ, ಬೀದಿಯಲ್ಲಿ ಹೋಗಿ ಬರುವವರನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದರು. ನನ್ನ ಬಿಳಿ ಸೀರೆ, ಹೆಗಲಿನ ಚೀಲ ನೋಡಿ ಮೊದಲ ದಿನವೇ "ಟೀಚರಮ್ಮ" ಎಂದರು. ನಾನು ಟೀಚರಲ್ಲ ಎಂದು ತಿಳಿಸಿ ಹೇಳಿದ್ದು ವ್ಯರ್ಥವಾಯಿತು. ಸಂಜೆಯ ಹೊತ್ತಿಗೆ ಬೀದಿಗೆಲ್ಲ ನಾನು ಟೀಚರಮ್ಮ.

"ಮನೇಲಿ ಮೊಟ್ಟೆ, ಬಾಡು ಬೇಯಿಸ್ಕೂಡ್ದು. ಚಪ್ಲಿ ಹಾಕ್ಕೊಂಡು ಮಗ್ಗದ್ ಮನೆಗೆ ಕಾಲಿಡ್ಕೂಡ್ದು," ಎಂದು ಅಜ್ಜಿ ಕರಾರು ಹೇಳಿದರು. "ಮಿಕ್ಕಂಗೆ ನಿನ್ ದೇವ್ರು ನಿಂಗೆ, ನಮ್ ದೇವ್ರು ನಮ್ಗೆ. ನಲ್ಲಿ ಮಾತ್ರ ಎಲ್ರಿಗೂ ಒಂದೇ. ಬೇಗ ಎದ್ದು ನೀರ್ ಹಿಡ್ಕೋಬೇಕು."

ನನ್ನ ವಾರ ಶುರುವಾಗುತ್ತಿದ್ದುದೇ ರಜೆಯಿಂದ. ಸೋಮವಾರ ಬಿಳಿ ಸೀರೆಗಳನ್ನು ಒಗೆದು, ನೀಲಿ ಹಾಕಿ, ಹಿತ್ತಿಲಿನಲ್ಲಿ ಒಣಹಾಕಿದರೆ ಅಜ್ಜಿಯ ಮೊಮ್ಮಕ್ಕಳು ಅದರಡಿಯಲ್ಲಿ ನುಸುಳಿ ಆಡುತ್ತಿದ್ದವು. ಮಂಗಳವಾರ ಬಸ್ಸಿನಲ್ಲಿ ದೊಡ್ಡಬೆಳವಂಗಲಕ್ಕೆ ಹೋಗಬೇಕು. ಆ ದಾರಿಯಲ್ಲಿ, ಭಾನುವಾರ ಊರಿಗೆ ಬರಲಾಗದ ನಮ್ಮ ಸಭೆಯ ಒಂದು ಕುಟುಂಬವಿತ್ತು. ಪ್ರಾರ್ಥನೆ ಆಮೇಲೆ, ಮೊದಲು ಊಟ ಎಂದು ಆ ಮನೆಯಾಕೆ ರಾಗಿಮುದ್ದೆ, ಹುರುಳಿಕಾಳಿನ ಸಾರು ಬಡಿಸಿಬಿಡುತ್ತಿದ್ದಳು. ಆ ಮುದ್ದೆ ಉಂಡ ಮೇಲೆ ನಾನು ಹೇಳುತ್ತಿದ್ದ ಪ್ರಾರ್ಥನೆಗಳು ಬಹಳ ಚಿಕ್ಕವಾಗಿರುತ್ತಿದ್ದವು. ಗುರುವಾರ ಆಸ್ಪತ್ರೆಗೆ ಹೋಗಿ ರೋಗಿಗಳ ಪಕ್ಕದಲ್ಲಿ ಕೂತು ಬರುವುದು. ಬುಧವಾರದ ಕಥೆ ಮಾತ್ರ ಹೇಳಿದರೆ ನಗುವಂಥದ್ದು. ಬೀದಿಯ ಹೆಣ್ಣುಮಕ್ಕಳಿಗೆ ಕಸೂತಿ ಕಲಿಸು ಎಂದು ಬೆಂಗಳೂರಿನಿಂದ ಅಪ್ಪಣೆಯಾಗಿತ್ತು. ಹುಟ್ಟಿದಾಗಿನಿಂದ ಜರಿ ಸೆರಗು ನೋಡಿ ಬೆಳೆದ ಹುಡುಗಿಯರು ನಾನು ಕರವಸ್ತ್ರದ ಮೇಲೆ ಹಾಕಿದ ಗುಲಾಬಿಯನ್ನು ಕೈಯಿಂದ ಕೈಗೆ ದಾಟಿಸಿ, ಬಹಳ ಮರ್ಯಾದೆಯಿಂದ, ಇದು ಕೋಸೋ ಎಂದು ಕೇಳಿದರು. ಮುಂದಿನ ವಾರದಿಂದ ಅಕ್ಷರ ಕಲಿಸಿದೆ.

ಶುಕ್ರವಾರ ನಾನು ಬಾಗಿಲು ಮುಂದೆ ಮಾಡಿಕೊಂಡು ಒಳಗೇ ಇರುತ್ತಿದ್ದೆ. ಅಂದು ಯಾರ ಮನೆಗೆ ಹೋದರೂ ಅರಿಸಿನ ಕುಂಕುಮದ ತಟ್ಟೆ ಬರುತ್ತಿತ್ತು. ತೆಗೆದುಕೊಳ್ಳುವಂತಿಲ್ಲ, ಬೇಡ ಎಂದು ಅವರ ಮನಸ್ಸು ನೋಯಿಸುವಂತೆಯೂ ಇಲ್ಲ. ಅಜ್ಜಿಗೆ ನನ್ನ ಸಂಕಟ ಬೇಗ ಅರ್ಥವಾಯಿತು. "ಹೂವಿಗೆ ಯಾವ್ ಜಾತಿ," ಎಂದು ಬಾಗಿಲ ಸಂದಿಯಿಂದ ಒಂದು ಮೊಳ ಕನಕಾಂಬರ ಒಳಗೆ ಹಾಕಿ ಹೋಗುತ್ತಿದ್ದರು.

ಇಷ್ಟೆಲ್ಲ ಓಡಾಡುತ್ತಿದ್ದುದು ಭಾನುವಾರಕ್ಕಾಗಿ. ಹತ್ತು ಗಂಟೆಗೆ ಆರಾಧನೆ. ಜಮಖಾನ ಹಾಸಿ, ಬಲ್ಬು ಹಾಕಿ, ಕೈಗಂಟೆ ಬಾರಿಸುತ್ತಿದ್ದೆ. ಬರುತ್ತಿದ್ದವರು ಆಸ್ಪತ್ರೆಯ ಕಾಂಪೌಂಡರು, ಅವರ ಹೆಂಡತಿ, ಮತ್ತು ಮೊದಲ ಹಾಡಿಗೇ ನಿದ್ದೆಹೋಗುವ ಒಬ್ಬ ನಿವೃತ್ತ ರೈಲ್ವೆ ನೌಕರ. ವಾರವಿಡೀ ನನ್ನನ್ನು ಕರೆದು ಕೂರಿಸಿ ಕಾಫಿ ಕೊಡುತ್ತಿದ್ದ ಬೀದಿಯಿಂದ ಒಂದು ನರಪಿಳ್ಳೆಯೂ ಇತ್ತ ಸುಳಿಯುತ್ತಿರಲಿಲ್ಲ. ಮಗ್ಗಗಳು ಮಾತ್ರ ಒಂದೇ ಸಮನೆ ಬಡಿಯುತ್ತಿದ್ದವು. ಕೊನೆಗೆ ಅಜ್ಜಿಯನ್ನೇ ಕೇಳಿದೆ.

"ನಿನ್ ಸಾಮಿ ಭಾನುವಾರ ರಜ ಕೊಟ್ಟವ್ನೆ ತಾಯಿ, ನಮ್ ಸಾವ್ಕಾರ ಕೊಟ್ಟಿಲ್ವಲ್ಲ," ಎಂದರು ಅಜ್ಜಿ. "ನಮ್ ಮಗ್ಗ ನಿಲ್ಲೋದು ಅಮಾಸೆ ದಿನ ಮಾತ್ರ."

ಹಾಗಾದರೆ ಅಮಾವಾಸ್ಯೆಗೇ ಕೂಟ ಇಟ್ಟರಾಯಿತು ಎಂದು ಹಿಗ್ಗಿದೆ. ಅಮಾವಾಸ್ಯೆ ಬಂತು. ಬೆಳಿಗ್ಗೆ ಎಣ್ಣೆನೀರು, ಮಗ್ಗಕ್ಕೆ ಪೂಜೆ, ಆಮೇಲೆ ಅರ್ಧ ಬೀದಿ ಘಾಟಿಯ ದೇವಸ್ಥಾನಕ್ಕೆ, ಉಳಿದರ್ಧ ಮಧ್ಯಾಹ್ನದ ಸಿನಿಮಾಕ್ಕೆ. ನಾನು ಗಂಟೆ ಹಿಡಿದು ಜಗಲಿಯಲ್ಲಿ ನಿಂತಿದ್ದೆ. ಬೀದಿಯಲ್ಲಿ ಎರಡು ನಾಯಿಗಳಿದ್ದವು.

ದಾರಿ ತೋರಿಸಿದ್ದು ವಿದ್ಯುಚ್ಛಕ್ತಿ ಇಲಾಖೆ. ಆ ಕಾಲದಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಹೋದ ಕೂಡಲೇ ಮಗ್ಗಗಳೆಲ್ಲ ಒಟ್ಟಿಗೆ ಗಪ್‌ಚಿಪ್ಪಾಗಿ, ಜನ ತಲೆಗೆ ಅಂಟಿದ ನೂಲಿನ ಎಳೆ ಕೊಡವಿಕೊಳ್ಳುತ್ತ ಜಗಲಿಗಳಿಗೆ ಬರುತ್ತಿದ್ದರು. ಗಂಡಸರು ಬೀಡಿ ಹಚ್ಚುವರು, ಹೆಂಗಸರು ಎಲೆಅಡಿಕೆ ತೆಗೆಯುವರು. ಮಾಡಲು ಬೇರೆ ಕೆಲಸವಿಲ್ಲ, ಕೇಳಲು ಕಿವಿ ಬಿಡುವಾಗಿದೆ. ಒಂದು ದಿನ ಹಾಗೆ ಕೂತಿದ್ದಾಗ ಅಜ್ಜಿಯೇ, "ಏನಾರಾ ಹೇಳು ಟೀಚರಮ್ಮ, ಹೊತ್ತು ಹೋಗ್ಲಿ," ಎಂದರು. ತರಬೇತಿಯಲ್ಲಿ ಬಾಯಿಪಾಠ ಮಾಡಿದ ಪ್ರಸಂಗಗಳೆಲ್ಲ ಆ ಗಳಿಗೆಯಲ್ಲಿ ಮರೆತುಹೋದವು. ನೆನಪಾಗಿದ್ದು ನನ್ನ ಅಜ್ಜಿ.

ನನ್ನಜ್ಜಿ ಒಂದು ಸಂಜೆ ಮೇಕೆಗಳನ್ನು ದೊಡ್ಡಿಗೆ ಸೇರಿಸುವಾಗ ಬಿಳಿಕಿವಿಯ ಮರಿಯೊಂದು ಕಾಣಲಿಲ್ಲ. ಉಳಿದವನ್ನೆಲ್ಲ ಹಾಗೇ ಬಿಟ್ಟು, ಲಾಟೀನು ಹಿಡಿದು ಹುಡುಕಲು ಹೊರಟಳು. ಕರೆದಳು, ಕಿವಿಗೊಟ್ಟು ನಿಂತಳು, ಮತ್ತೆ ಕರೆದಳು. ದೇವರು ನಮ್ಮನ್ನು ಹುಡುಕುವುದೂ ಹೀಗೆಯೇ ಎಂದು ಮುಗಿಸುವುದು ನನ್ನ ಹಂಚಿಕೆ. ಪಾಳು ಬಾವಿಯ ಹತ್ತಿರ ಅಜ್ಜಿಗೆ ಸಣ್ಣದಾಗಿ ಮೇ ಎನ್ನುವ ದನಿ ಕೇಳಿಸಿತು ಎನ್ನುವಷ್ಟರಲ್ಲಿ ಕರೆಂಟು ಬಂತು. ಬೀಡಿಗಳು ಆರಿದವು, ಜಗಲಿಗಳು ಖಾಲಿಯಾದವು, ಮಗ್ಗಗಳು ಬಡಿಯತೊಡಗಿದವು. ಮರಿ ಬಾವಿಯಲ್ಲೇ ಉಳಿಯಿತು.

ಆಮೇಲೆ ಕರೆಂಟು ಹೋಗುವುದೇ ನಿಂತುಹೋಯಿತು. ನಾನು ಎಲ್ಲಿ ಹೋದರೂ ಜನ ಕೇಳುತ್ತಿದ್ದುದು ಅದೊಂದೇ. ನಲ್ಲಿಯ ಮುಂದೆ ಕೊಡ ಇಟ್ಟವರು, ಸೊಪ್ಪಿನವಳು, ಎಲ್ಲರೂ, ಮರಿ ಸಿಕ್ತಾ ಟೀಚರಮ್ಮ? ನಾನೂ ಕಿಲಾಡಿ. ಎಲ್ಲರೂ ಕೂತಾಗಲೇ ಹೇಳುತ್ತೇನೆ ಎಂದು ಬಾಯಿ ಬಿಗಿಹಿಡಿದೆ. ಅಜ್ಜಿಗೆ ಮಾತ್ರ ಬೇರೆಯದೇ ಚಿಂತೆ.

"ಅಲ್ಲ ಕಣಮ್ಮ, ನಿಮ್ಮಜ್ಜಿ ಒಂದು ಮರಿ ಹುಡುಕ್ಕೊಂಡು ಹೋದ್ಳು, ಸರಿ. ಮಿಕ್ಕಿದ್ ಮೇಕೆಗಳ್ನ ಯಾರ್ ನೋಡ್ಕೊಂಡ್ರು? ತೋಳ ಬಂದಿದ್ರೆ?"

"ಹೇಳ್ತೀನಿ ಇರಿ ಅಜ್ಜಿ."

ಆ ವಾರವೇ ಬೆಂಗಳೂರಿನಿಂದ ಸುದ್ದಿ ಬಂತು. ನಮ್ಮಲ್ಲಿ ಪಾದ್ರಿಗಳನ್ನು ಅಯ್ಯನವರು ಎನ್ನುತ್ತೇವೆ. ನಮ್ಮ ಸೇವೆಯ ಮೇಲ್ವಿಚಾರಣೆ ನೋಡುತ್ತಿದ್ದ ದೊಡ್ಡ ಅಯ್ಯನವರು ಮುಂದಿನ ಭಾನುವಾರ ಆರಾಧನೆಗೆ ಬರುತ್ತಾರೆ. ಮೂರು ಜನಕ್ಕೆ ಒಂದು ಮನೆ ಹಿಡಿದಿರುವುದು ದಂಡ ಎಂದು ಅವರಿಗೆ ಅನ್ನಿಸಿದೆ. ಭಾನುವಾರವೂ ಸಭೆ ಹಾಗೇ ಕಂಡರೆ ಇಲ್ಲಿಯ ಕೆಲಸ ಮುಚ್ಚುತ್ತಾರೆ, ನನ್ನನ್ನು ಬೆಂಗಳೂರಿನ ಹೆಣ್ಣುಮಕ್ಕಳ ಹಾಸ್ಟೆಲಿಗೆ ಹಾಕುತ್ತಾರೆ. ಇದನ್ನು ಹೋಗಿ ಅಜ್ಜಿಗೆ ಹೇಳಿದೆ.

"ಬೆಂಗ್ಳೂರಾ? ನೀನ್ ಕೇಳ್ಕೊಂಡಿದ್ದೇ ಅದಲ್ವಾ?"

"ಹೂಂ. ಆವಾಗ."

ಅಜ್ಜಿ ರಾಟೆ ತಿರುಗಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು, ಮತ್ತೆ ತಿರುಗಿಸಿದರು. ಒಳಗಿನಿಂದ ದೊಡ್ಡ ಮಗ ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಲೈನ್‌ಮನ್ ನನ್ ಷಡ್ಕ ಟೀಚರಮ್ಮ. ಒಂದ್ ಮಾತ್ ಹೇಳ್ಲಾ? ಭಾನುವಾರ ಹತ್ ಗಂಟೆಗೆ ಫ್ಯೂಸ್ ಕಿತ್ತಾಕ್ತಾನೆ. ಬೀದಿಗ್ ಬೀದಿನೇ ಬಂದು ನಿಮ್ ಜಮಖಾನದ್ ಮೇಲೆ ಕೂತ್ಕೋತದೆ."

"ಬೇಡಣ್ಣ. ಅದು ಮೋಸ ಆಯ್ತದೆ."

"ಈ ಊರಲ್ಲಿ ಕರೆಂಟು ಹೋಗೋದು ಮೋಸನಾ?" ಎಂದು ಅವನು ನಕ್ಕ.

ಫ್ಯೂಸ್ ಕೀಳಿಸುವುದು ಮೋಸ. ಆದರೆ ಕರೆಂಟು ತಾನಾಗಿಯೇ ಹೋಗಲಿ ಎಂದು ಪ್ರಾರ್ಥಿಸುವುದಕ್ಕೆ ಯಾವ ಅಡ್ಡಿಯೂ ನನಗೆ ಕಾಣಲಿಲ್ಲ. ಶನಿವಾರವೆಲ್ಲ ಅದೇ ಕೆಲಸ ಮಾಡಿದೆ. ನೆಲ ಸಾರಿಸುತ್ತ, ಹಾಡುಗಳನ್ನು ಆರಿಸುತ್ತ, ಅಕ್ಕಿ ಆರಿಸುತ್ತ, ಸ್ವಾಮೀ, ನಾಳೆ ಹತ್ತು ಗಂಟೆಗೆ ಮರೆಯಬೇಡ ಎಂದು ನೆನಪಿಸುತ್ತಲೇ ಇದ್ದೆ. ಸುವಾರ್ತೆ ಸಾರಲು ಹೊರಟು ಕತ್ತಲೆಗಾಗಿ ಬೇಡಿಕೊಂಡವಳು ಬಹುಶಃ ನಾನೊಬ್ಬಳೇ.

ಭಾನುವಾರ ಬೆಳಗಿನ ಬಸ್ಸಿಗೆ ಅಯ್ಯನವರು ಬಂದಿಳಿದರು. ಎತ್ತರದ ಆಳು, ಬಿಳಿ ಅಂಗಿ, ಕೈಯಲ್ಲಿ ಉದ್ದ ಕೊಡೆ. ಬೋಧಿಸುವ ಧಾಟಿಯಲ್ಲೇ ಕಾಫಿಯನ್ನೂ ಕೇಳುತ್ತಿದ್ದರು. ಜಮಖಾನದ ಮೇಲೆ ಕಾಂಪೌಂಡರು, ಅವರ ಹೆಂಡತಿ, ರೈಲ್ವೆಯವರು. ನಾನು ಬಲ್ಬು ಹಾಕಿ, ಗಂಟೆ ಬಾರಿಸಿ ಹಾಡು ಎತ್ತಿದೆ. ಗೋಡೆಯಾಚೆಯ ಟಕಟಕದಲ್ಲಿ ನಮ್ಮ ಹಾಡು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅಯ್ಯನವರು ಎದ್ದು ನಿಂತು ಬಾಯಿ ತೆರೆದರು, ಮುಚ್ಚಿದರು, ಮತ್ತೆ ಗಟ್ಟಿಯಾಗಿ ಶುರುಮಾಡಿದರು. ಅವರ ಮುಖ ನೋಡಿದಾಗಲೇ ಹಾಸ್ಟೆಲಿನ ಗೇಟು ನನಗೆ ಕಂಡುಬಿಟ್ಟಿತು.

ಆಗ ನಮ್ಮ ಮನೆಯ ಮಗ್ಗ ನಿಂತಿತು. ಅದರ ಹಿಂದೆಯೇ ಪಕ್ಕದ ಮನೆಯದು, ಎದುರಿನದು, ಆಚೆ ತುದಿಯದು. ಬೀದಿ ತಣ್ಣಗಾಯಿತು. ಅಯ್ಯನವರು ಕೂಗುತ್ತಿದ್ದ ಅರ್ಧ ಮಾತು ಇಡೀ ಬೀದಿಗೆ ಕೇಳಿಸಿತು. ನನ್ನ ಪ್ರಾರ್ಥನೆ ಹೀಗೆ ಚಾಚೂ ತಪ್ಪದೆ ಈಡೇರಿದ್ದು ಅದೇ ಮೊದಲು. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಮುಂದೆ ಅಜ್ಜಿ, ಹಿಂದೆ ಗಂಡಸರು, ಹೆಂಗಸರು, ಬುಧವಾರದ ಹುಡುಗಿಯರು. ಕೂದಲಲ್ಲಿ ನೂಲಿನ ಎಳೆ ಹಾಗೇ ಇತ್ತು. ಜಮಖಾನ ಸಾಲದೆ ಬಾಗಿಲಾಚೆ ಬಿಸಿಲಲ್ಲೂ ಕೂತರು. ರೈಲ್ವೆಯವರು ಎಚ್ಚರಗೊಂಡು ಸರಿದು ಜಾಗ ಮಾಡಿಕೊಟ್ಟರು.

ಅಯ್ಯನವರು ಪ್ರಸಂಗ ಮಾಡಿದರು. ಜನ ಬಹಳ ಭಕ್ತಿಯಿಂದ ಕೇಳಿದರು, ಏನೂ ಅರ್ಥವಾಗಲಿಲ್ಲ ಎನ್ನುವುದು ಮುಖದಲ್ಲೇ ಇತ್ತು. ಅವರು ಉಸಿರು ತೆಗೆದುಕೊಳ್ಳಲು ನಿಂತಾಗ ಅಜ್ಜಿ ಕೈಮುಗಿದು ಎದ್ದರು.

"ಚೆನ್ನಾಗದೆ ಸ್ವಾಮಿ. ಆದ್ರೆ ಆ ಮೇಕೆ ಮರಿ ಏನಾಯ್ತು ಅಂತ ಮೊದ್ಲು ನಮ್ ಟೀಚರಮ್ಮ ಹೇಳ್ಬಿಡ್ಲಿ. ಆಮೇಲೆ ನೀವು ಎಷ್ಟಾದ್ರೂ ಹೇಳಿ."

ಅಯ್ಯನವರು ನನ್ನತ್ತ ತಿರುಗಿದರು. ಆಮೇಲೆ ಪಕ್ಕಕ್ಕೆ ಸರಿದು ಕೂತರು. ಕರೆಂಟು ಬಂದುಬಿಟ್ಟರೆ ಎಂಬ ಭಯದಲ್ಲಿ ನಾನು ಗಬಗಬನೆ ಶುರುಮಾಡಿದೆ.

"ನಿಧಾನ್ವಾಗಿ ಹೇಳು," ಎಂದರು ಅಜ್ಜಿ. "ಅವಸರ ಏನಿಲ್ಲ."

ಹೇಳಿದೆ. ನನ್ನಜ್ಜಿ ಪಾಳು ಬಾವಿಯ ಒಡೆದ ಮೆಟ್ಟಿಲುಗಳನ್ನು ಕೂತು ಕೂತೇ ಇಳಿದಳು. ಮರಿ ಕೆಳಗೆ ಕಲ್ಲಿನ ಮೇಲೆ ನಡುಗುತ್ತ ನಿಂತಿತ್ತು. ಸೆರಗಿನಲ್ಲಿ ಕಟ್ಟಿ ಬೆನ್ನಿಗೆ ಹಾಕಿಕೊಂಡು ಏರಿ ಬಂದಳು. ಮೇಲೆ ಲಾಟೀನು ಎತ್ತಿ ನೋಡಿದರೆ ಬಾವಿಯ ಸುತ್ತ ಕಣ್ಣುಗಳು. ದೊಡ್ಡಿಯಲ್ಲಿ ಬಿಟ್ಟುಬಂದ ಮೇಕೆಗಳೆಲ್ಲ ಅವಳ ಹಿಂದೆಯೇ ಬಂದು ಕಟ್ಟೆಯ ಸುತ್ತ ನಿಂತಿದ್ದವು.

"ಹಂಗನ್ನು ಮತ್ತೆ," ಎಂದು ಅಜ್ಜಿ ಸಮಾಧಾನದಿಂದ ಉಸಿರುಬಿಟ್ಟರು. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ದೇವರ ಮಾತನ್ನು ಅಯ್ಯನವರೇ ಎರಡು ವಾಕ್ಯದಲ್ಲಿ ಸೇರಿಸಿ ಆಶೀರ್ವಾದ ಹೇಳಿ ಮುಗಿಸಿದರು. ಪ್ರಸಾದ ಇಲ್ಲದೆ ಸಭೆ ಏಳುವುದು ಅಜ್ಜಿಗೆ ಒಪ್ಪಿಗೆಯಾಗದೆ, ಮಾಡಿ ತಂದಿದ್ದ ಕಡಲೆಕಾಳಿನ ಉಸಲಿ ಹಂಚಿದರು. ಅಯ್ಯನವರು ಎರಡು ಸಲ ಹಾಕಿಸಿಕೊಂಡರು.

ಜನ ಎದ್ದು ಹೋದ ಮೇಲೆ ಅವರು ಕೊಡೆ ತೆಗೆದುಕೊಂಡರು. "ಇವರು ಬಂದದ್ದು ಮೇಕೆ ಮರಿಗೋಸ್ಕರ, ನಿನಗೋಸ್ಕರ," ಎಂದರು.

"ಹೌದು ಅಯ್ಯನವರೇ."

"ಇರಲಿ. ಹಾಸ್ಟೆಲಿಗೆ ಬೇರೆ ಯಾರನ್ನಾದರೂ ನೋಡುತ್ತೇನೆ. ನೀನು ಇಲ್ಲೇ ಇರಮ್ಮ." ಹೊಸಿಲು ದಾಟಿದವರು ನಿಂತು, ಕೊಡೆಯ ತುದಿಯಿಂದ ಮೇಲೆ ತೋರಿಸಿದರು. "ಆ ದೀಪ ಆರಿಸು. ಆಗಿನಿಂದ ಉರಿಯುತ್ತಲೇ ಇದೆ."

ತಲೆಯೆತ್ತಿ ನೋಡಿದೆ. ಹತ್ತು ಗಂಟೆಗೆ ನಾನೇ ಹಾಕಿದ ಬಲ್ಬು. ಒಮ್ಮೆಯೂ ಆರಿರಲಿಲ್ಲ. ಗೋಡೆಯಾಚೆ ನಮ್ಮ ಮನೆಯ ಮಗ್ಗ ಶುರುವಾಯಿತು, ಆಮೇಲೆ ಪಕ್ಕದ ಮನೆಯದು, ಎದುರಿನದು. ನಾನು ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು, ಆರಿಸಲಾರದೆ, ಅಳುತ್ತ ನಗುತ್ತ ನಿಂತಿದ್ದೆ.