ಕೆಜಾಯ ಕೇಳಿದ ಪತ್ರ

ತೊರೆಯಾಚೆ ಬೆಳಗಿನಿಂದ ಮೊಳೆ ಹೊಡೆಯುವ ಸದ್ದು. ಊರವರ ಬಟ್ಟೆ ಒಗೆದು ಬದುಕುವ ಕೆಜಾಯಳ ಗುಡಿಸಲಿಗೆ ಅದು ಎದೆಬಡಿತದಷ್ಟು ಹತ್ತಿರ. ಗುಲಾಮಗಿರಿ ಹೋಗಿ ಎರಡು ವರ್ಷಕ್ಕೆ ಪೈನಿ ಫೋರ್ಕ್ ಎಂಬ ಆ ಊರಿನ ಕರಿಯರು ತಮ್ಮದೇ ಚರ್ಚು ಕಟ್ಟುತ್ತಿದ್ದರು. ಬಿಳಿಯರ ಚರ್ಚಿನ ಅಟ್ಟದ ಮೇಲೆ ಕೂತು, ಕೆಳಗಿನವರ ನೆತ್ತಿ ನೋಡುತ್ತ ಮೂವತ್ತು ವರ್ಷ ಪ್ರಾರ್ಥಿಸಿದ ಜನ.

ಹೊಸ ಚರ್ಚಿಗೆ ಸೇರಬೇಕಾದರೆ, ನಡತೆ ಸರಿಯಿದೆ ಎಂದು ಹಳೆಯ ಚರ್ಚು ಪತ್ರ ಕೊಡಬೇಕು. ಬ್ಯಾಪ್ಟಿಸ್ಟರ ಕಟ್ಟಳೆ ಅದು. ಎಲ್ಲರಿಗೂ ಸಿಕ್ಕಿತ್ತು, ಕೆಜಾಯಳಿಗಿಲ್ಲ. ಗಂಡ ಸೈರಸ್ ಬದುಕಿರುವಾಗಲೇ ಏಮಸ್ ಎಂಬ ಇನ್ನೊಬ್ಬನ ಜೊತೆ ಸಂಸಾರ ಹೂಡಿದಳೆಂದು ಎಂಟು ವರ್ಷದ ಹಿಂದೆ ಅವಳನ್ನು ಹೊರಹಾಕಿದ್ದರು.

"ತಪ್ಪಾಯ್ತು ಅಂದ್ಬಿಡಕ್ಕಾ. ನಿನ್ ಗಂಟೇನ್ ಹೋಗುತ್ತೆ? ಪತ್ರ ಇಲ್ದೆ ನಾನ್ ಹೇಗ್ ಸೇರಿಸ್ಕೊಳ್ಲಿ?" ಎಂದಿದ್ದ ಹೊಸ ಚರ್ಚಿನ ಪಾಸ್ಟರ್ ಲೆಮ್ಯುಯೆಲ್.

ಶನಿವಾರ ಹಳೆಯ ಚರ್ಚಿಗೆ ಹೋದಳು. ಸಭೆಯ ದಾಖಲೆ ಪುಸ್ತಕ ಬಿಡಿಸಿಕೊಂಡು ಅಲ್ಲಿನ ಹಿರಿಯ, ಡೀಕನ್ ಟಾರ್ಪ್ಲಿ ಕೂತಿದ್ದ. ಒಂದು ಕಾಲಕ್ಕೆ ಅವಳ ಒಡೆಯ.

"ಬಾರೇ ಕೆಜಾಯ. ಕಾಲರಿಗೆ ಗಂಜಿ ಹಾಕೋದ್ರಲ್ಲಿ ಈಗ್ಲೂ ನಿನ್ನ ಬಿಟ್ರಿಲ್ಲ."

"ಅದಕ್ಕೇ ನಿಮ್ ತಲೆ ಅಷ್ಟು ನೆಟ್ಟಗೆ ನಿಂತಿರೋದು, ಟಾರ್ಪ್ಲಿಯವರೇ."

ಧಣಿ ಅನ್ನಲಿಲ್ಲವೆಂಬುದು ಅವನಿಗೆ ತಟ್ಟಿತು. ನಗು ಅಳಿಯಿತು.

"ವ್ಯಭಿಚಾರ ಅಂತ ಬರ್ದಿದೆ ಇಲ್ಲಿ. ನಾಳೆ ಎಲ್ಲರ ಮುಂದೆ ಪಶ್ಚಾತ್ತಾಪ ಪಡು, ಪತ್ರ ಕೊಡ್ತೀವಿ."

ತಪ್ಪಾಯ್ತು ಎನ್ನುವ ಮಾತನ್ನು ಅವಳು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಬಾಯಿಗೆ ಬಂದದ್ದು ಬೇರೆ.

"ನನ್ ಸೈರಸ್ ಟೆಕ್ಸಾಸಿಗೆ ಹೇಗ್ ಹೋದ ಅಂತ ಬರ್ದಿದೆಯಾ?"

"ಅದು ವ್ಯವಹಾರ ಕಣೇ. ಇದು ಚರ್ಚಿನ ಪುಸ್ತಕ."

"ಶುಕ್ರವಾರ ಅವನ್ನ ಮಾರಿದ್ರಿ. ಭಾನುವಾರ ಅದೇ ಕೈಯಲ್ಲಿ ಪ್ರಭುಭೋಜನದ ರೊಟ್ಟಿ ಮುರಿದು ನನಗೆ ಕೊಟ್ರಿ. ತಿಂದೆ ನಾನು."

"ಮಾರಿದ್ರೇನು, ಸತ್ತಿರ್ಲಿಲ್ವಲ್ಲ. ಗಂಡ ಗಂಡನೇ."

ಅವನಿಗೆ ನಾಚಿಕೆಯಿರಲಿಲ್ಲ. ಕಪಟವೂ ಇರಲಿಲ್ಲ, ಅದನ್ನು ನಿಜವೆಂದೇ ನಂಬಿದ್ದ. ಬಟ್ಟೆ ಒಗೆಯುವ ಸೋಡಾದ ನೀರಿಗೆ ಬಿರಿದ ಅವಳ ಬೆರಳುಗಳು ಮೇಜಿನ ಅಂಚನ್ನು ಹಿಡಿದವು. ಇನ್ನೊಂದು ಮಾತಾಡಿದರೆ ಪತ್ರ ಸಿಗುವುದಿಲ್ಲ. ತೊರೆಯಾಚೆಯ ಹೊಸ ಚರ್ಚಿನ ಬೆಂಚಿನಲ್ಲೂ ಅವಳಿಗೆ ಜಾಗವಿಲ್ಲ. ಅದು ಗೊತ್ತಿದ್ದೇ ಬಾಯಿ ತೆರೆದಳು.

"ಲೇಖನಿ ತಗೊಳ್ಳಿ. ಕೆಜಾಯ ಬಂದಿದ್ಲು ಅಂತ ಬರ್ಕೊಳ್ಳಿ. ಗಂಡನ್ನ ಮಾರಿದೋನು ಯಾರ ಮುಂದೆ ಪಶ್ಚಾತ್ತಾಪ ಪಡ್ಬೇಕು ಅಂತ ಕೇಳಿದ್ಲು. ಅದಕ್ಕೆ ಡೀಕನ್ ಟಾರ್ಪ್ಲಿಯವರು ಏನಂದ್ರು, ಅದನ್ನ ನೀವೇ ಬರ್ಕೊಳ್ಳಿ." ಎಂದವಳು ಅಲ್ಲಿಗೇ ತಿರುಗಿ ಬಾಗಿಲ ಕಡೆ ನಡೆದಳು.